ಅಂಗಣದ ಜೀರ್ಣೋದ್ಧಾರ: ಯಾರ ಹಣ, ಯಾರ ಹೊಣೆ?

ಘಟ್ಟದ ಮೇಲಿನ ಊರುಗಳಲ್ಲಿ ಆಟದ ಬಯಲಿಗೆ ವರ್ಷಕ್ಕೆ ಎರಡು ಜನ್ಮ. ಮಿರಗ ಮಳೆಯ ಮೊದಲ ಹನಿಗಳು ಬಿದ್ದೊಡನೆ ಅದು ಹಸುರು ಹೊದ್ದು, ನೀರು ತುಂಬಿ, ದನಗಳಿಗೂ ಕಪ್ಪೆಗಳಿಗೂ ಒಪ್ಪಿಸಲ್ಪಡುತ್ತದೆ. ದೀಪಾವಳಿ ಕಳೆದು, ಗದ್ದೆಯ ಕೊಯ್ಲು ಮುಗಿಯುವ ಹೊತ್ತಿಗೆ ಒಣಗಿ ಗಟ್ಟಿಯಾಗಿ ಮತ್ತೆ ಮನುಷ್ಯರ ಪಾಲಿಗೆ ಬರುತ್ತದೆ. ಆಗ ಅಲ್ಲಿ ವಾಲಿಬಾಲಿನ ಬಲೆ ಏಳುತ್ತದೆ, ಕಬಡ್ಡಿಯ ಗೆರೆ ಬೀಳುತ್ತದೆ, ರಾತ್ರಿಯ ದೀಪಗಳ ಕೆಳಗೆ ಊರಿಗೆ ಊರೇ ಸೇರುತ್ತದೆ. ಒಂದು ರಾತ್ರಿ ಆಟಗಾರರು, ಮತ್ತೊಂದು ರಾತ್ರಿ ಯಕ್ಷಗಾನದ ಮೇಳ. ಬಯಲಿಗೆ ಇಬ್ಬರೂ ಒಂದೇ.

ಈ ಬಯಲಿನ ಸುತ್ತ ಎಂದೋ ಕಟ್ಟಿದ ಮೆಟ್ಟಿಲುಗಳು ಬಿರುಕು ಬಿಟ್ಟಾಗ, ಮಾಡು ಸೋರಿದಾಗ, ಓಟದ ಪಥ ಕೊಚ್ಚಿಹೋದಾಗ ಒಂದು ಪ್ರಶ್ನೆ ಏಳುತ್ತದೆ. ಇದನ್ನು ಸರಿಪಡಿಸುವ ಹಣ ಎಲ್ಲಿಂದ ಬರಬೇಕು? ಆಡುವವರ ಜೇಬಿನಿಂದಲೋ, ನೋಡುವವರ ಟಿಕೇಟಿನಿಂದಲೋ, ಅಥವಾ ಎಂದೂ ಚೆಂಡನ್ನು ಮುಟ್ಟದ, ಎಂದೂ ಪಂದ್ಯ ನೋಡದ ತೆರಿಗೆದಾರನ ಗಂಟಿನಿಂದಲೋ? ಅಮೆರಿಕದ ಮಹಾನಗರಗಳಲ್ಲಿ ಬೇಸ್‌ಬಾಲ್ ಅಂಗಣಗಳ ವಿಷಯವಾಗಿ ಚುನಾವಣೆಗಳೇ ನಡೆದ ಈ ಪ್ರಶ್ನೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೂ ಅಷ್ಟೇ ಸಲ್ಲುತ್ತದೆ. ಮೊತ್ತ ಚಿಕ್ಕದಾದೀತು, ತತ್ತ್ವ ಚಿಕ್ಕದಲ್ಲ.

ಮೂರು ಊರು, ಮೂರು ಬಯಲು

ಶಿರಸಿಯಲ್ಲಿ ಮಾರಿಕಾಂಬಾ ಜಿಲ್ಲಾ ಕ್ರೀಡಾಂಗಣವಿದೆ. ಸಿದ್ದಾಪುರದಲ್ಲಿ ನೆಹರೂ ಮೈದಾನವಿದೆ. ಯಲ್ಲಾಪುರದಲ್ಲಿ ಕಾಳಮ್ಮನಗರದ ತಾಲ್ಲೂಕು ಕ್ರೀಡಾಂಗಣವಿದೆ. ಜಿಲ್ಲೆಯ ಮುಖ್ಯ ಪಟ್ಟಣ ಕಾರವಾರವಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಶಿರಸಿಯೇ ಒಂದು ಪ್ರತ್ಯೇಕ ಜಿಲ್ಲೆ. ಆದುದರಿಂದ ಘಟ್ಟದ ಮೇಲಿನ ತಾಲ್ಲೂಕುಗಳ ಶಾಲಾಮಕ್ಕಳಿಗೆ ಶಿರಸಿಯ ಅಂಗಣವೆಂದರೆ ಊರಿನ ಬಯಲು ಮಾತ್ರವಲ್ಲ. ಹೋಬಳಿ, ತಾಲ್ಲೂಕುಗಳ ಪಂದ್ಯಗಳನ್ನು ಗೆದ್ದು ಮೇಲೇರುವವರು ಹಾಯಬೇಕಾದ ಹೆಬ್ಬಾಗಿಲು.

ಬಯಲುಸೀಮೆಯ ಓದುಗರಿಗೆ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯ ನೆಲದಲ್ಲಿ ಸುಮಾರು ಶೇಕಡಾ 80ರಷ್ಟು ಅರಣ್ಯ. ಉಳಿದುದರಲ್ಲಿ ಕಣಿವೆಯ ತಳವನ್ನು ಅಡಿಕೆ ತೋಟವೂ ಭತ್ತದ ಗದ್ದೆಯೂ ಹಿಡಿದಿವೆ. ಇಳಿಜಾರನ್ನು ಮನೆಗಳು ಹಿಡಿದಿವೆ. ನಾನೂರು ಮೀಟರಿನ ಒಂದು ಓಟದ ಪಥಕ್ಕೆ ಸುಮಾರು 176 ಮೀಟರ್ ಉದ್ದ, 92 ಮೀಟರ್ ಅಗಲದ ಸಮತಟ್ಟಾದ ಜಾಗ ಬೇಕು, ಅಂದರೆ ಸುಮಾರು ನಾಲ್ಕು ಎಕರೆ. ಗುಡ್ಡ ಗುಡ್ಡಗಳ ನಡುವೆ ಅಷ್ಟು ಮಟ್ಟಸದ ನೆಲ ಒಂದೇ ಕಡೆ ದೊರೆಯುವುದು ಅಪರೂಪ. ಹೊಸದಾಗಿ ಪಡೆಯೋಣವೆಂದರೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು.

ಹೀಗಿರಲು ಮಲೆನಾಡಿನಲ್ಲಿ ಅಂಗಣದ ನಿಜವಾದ ಬೆಲೆ ಅದರ ಮೆಟ್ಟಿಲಲ್ಲಿಲ್ಲ, ಮಾಡಿನಲ್ಲಿಲ್ಲ; ಆ ನಾಲ್ಕು ಎಕರೆ ಸಮನೆಲದಲ್ಲಿದೆ. ಮೆಟ್ಟಿಲು ಕುಸಿದರೆ ಮತ್ತೆ ಕಟ್ಟಬಹುದು. ಬಯಲು ಕೈಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ. ಬಳಕೆ ತಪ್ಪಿದ ಬಯಲಿನ ಮೇಲೆ ಊರಿನ ಕಣ್ಣೆಲ್ಲ ಬೀಳುತ್ತದೆಂಬುದು ಯಾರಿಗೆ ತಿಳಿಯದು? ಇಂದು ಒಂದು ಮೂಲೆಯಲ್ಲಿ ಕಚೇರಿಯ ಕಟ್ಟಡ, ನಾಳೆ ಇನ್ನೊಂದು ಮೂಲೆಯಲ್ಲಿ ವಾಹನಗಳ ತಂಗುದಾಣ, ನಾಡಿದ್ದು ಅಂಗಡಿಗಳ ಸಾಲು! ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಯುವುದಕ್ಕೆಂದೇ ಕರ್ನಾಟಕದಲ್ಲಿ 1985ರಲ್ಲಿ ಒಂದು ಕಾಯಿದೆ ಬಂದಿದೆ. ಆದರೆ ಬಯಲನ್ನು ಕಾಯಿದೆಗಿಂತ ಹೆಚ್ಚಾಗಿ ಕಾಯುವುದು ಅದರ ಮೇಲೆ ದಿನನಿತ್ಯ ಓಡಾಡುವ ಕಾಲುಗಳು.

ಮಳೆಯೆಂಬ ಮೊದಲ ಎದುರಾಳಿ

ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಈ ಮಳೆಯಲ್ಲಿ ಕಾಂಕ್ರೀಟಿನ ಮೆಟ್ಟಿಲು ಹೇಗೆ ಸಾಯುತ್ತದೆಂಬುದನ್ನು ತಿಳಿದರೆ ಹಣದ ಪ್ರಶ್ನೆ ಅರ್ಧ ಬಗೆಹರಿದಂತೆ. ಮೊದಲು ಕೂದಲೆಳೆಯಂಥ ಬಿರುಕು. ಅದರೊಳಗೆ ನೀರು ಇಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಮೊದಲಿನ ಲೋಹಕ್ಕಿಂತ ಎಷ್ಟೋ ಹೆಚ್ಚು ಜಾಗವನ್ನು ಬೇಡುತ್ತದೆ. ಒಳಗಿನ ಒತ್ತಡ ತಾಳಲಾರದೆ ಹೊರಗಿನ ಸಿಮೆಂಟು ಸಿಡಿಯುತ್ತದೆ. ಸಿಡಿದ ಸಂದಿನಲ್ಲಿ ಹಕ್ಕಿ ತಂದ ಆಲದ ಬೀಜ ಬೇರು ಬಿಡುತ್ತದೆ. ಮೊದಲ ಬಿರುಕಿಗೆ ಒಬ್ಬ ಗಾರೆಯವನ ಒಂದು ದಿನದ ಕೆಲಸ ಸಾಕಿತ್ತು. ಹತ್ತು ಮಳೆಗಾಲ ಕಳೆದ ಮೇಲೆ ಇಡೀ ಕಟ್ಟಡವನ್ನು ಕೆಡವಬೇಕಾಗುತ್ತದೆ.

ಬಯಲಿನ ಗತಿಯೂ ಹೀಗೆಯೇ. ಜಂಬಿಟ್ಟಿಗೆಯ ಕೆಂಪು ಮಣ್ಣಿನ ಮೇಲೆ ನೀರು ಹರಿಯಲು ದಾರಿ ಮಾಡದಿದ್ದರೆ ಅದು ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ಶಾಲಾ ಕ್ರೀಡಾಕೂಟಗಳೂ ದಸರಾ ಪಂದ್ಯಗಳೂ ಬಹುಪಾಲು ನಡೆಯುವುದು ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ. ಬಯಲುಸೀಮೆಯಲ್ಲಿ ಅದು ತುಂತುರು ಮಳೆಯ ಕಾಲವಾದರೆ ಘಟ್ಟದ ಮೇಲೆ ಕೆಸರಿನ ಕಾಲ. ಯಲ್ಲಾಪುರದ ಹುಡುಗಿ ಪಾದ ಹೂಳುವ ಕೆಸರಿನಲ್ಲಿ ನೂರು ಮೀಟರ್ ಓಡಿ, ಮುಂದೆ ನಗರದ ಕೃತಕ ಪಥದಲ್ಲಿ ಅಭ್ಯಾಸ ಮಾಡಿದವಳ ಎದುರು ನಿಲ್ಲಬೇಕು. ಗಡಿಯಾರ ಇಬ್ಬರಿಗೂ ಒಂದೇ ವೇಗದಲ್ಲಿ ನಡೆಯುತ್ತದೆ. ನೆಲ ಮಾತ್ರ ಒಂದೇ ಅಲ್ಲ.

ನಿರ್ವಹಣೆಯ ಮರ್ಮವನ್ನು ಈ ಸೀಮೆಯ ಜನಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಮನೆಯ ಹಂಚು ಕೈಯಾಡಿಸದ ಯಜಮಾನನಿಲ್ಲ. ಕೊಳೆರೋಗ ಬರುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಸದ ತೋಟಿಗನಿಲ್ಲ. ತೋಟದ ಬಸಿಗಾಲುವೆಯ ಹೂಳೆತ್ತದೆ ಆಷಾಢವನ್ನು ಎದುರುಗೊಳ್ಳುವವನಿಲ್ಲ. ರೋಗ ಬಂದ ಮೇಲೆ ಔಷಧಿ ಹೊಡೆಸುವುದು ದಡ್ಡತನವೆಂದು ಮನೆಯಲ್ಲಿ ಬಲ್ಲ ಜನವೇ ಊರಿನ ಸೊತ್ತಿನ ವಿಷಯದಲ್ಲಿ ಅದನ್ನು ಮರೆಯುವುದೇಕೆ? ಮನೆಗೆ ಯಜಮಾನನಿದ್ದಾನೆ, ಅಂಗಣಕ್ಕಿಲ್ಲ. ಕಟ್ಟಡ ಕಟ್ಟಿದರೆ ಉದ್ಘಾಟನೆಯ ಶಿಲೆಯ ಮೇಲೆ ಹೆಸರು ಮೂಡುತ್ತದೆ. ಚರಂಡಿಯ ಹೂಳೆತ್ತಿದವನ ಹೆಸರನ್ನು ಯಾವ ಶಿಲೆಯೂ ಹೊರುವುದಿಲ್ಲ. ಆದುದರಿಂದಲೇ ಹೊಸ ಕಾಮಗಾರಿಗೆ ಹಣ ಬರುತ್ತದೆ, ಹಳೆಯದರ ಆರೈಕೆಗೆ ಬರುವುದಿಲ್ಲ. ಆರೈಕೆಯಿಲ್ಲದೆ ಹಳತಾದುದು ಮತ್ತೊಂದು ಹೊಸ ಕಾಮಗಾರಿಗೆ ಕಾರಣವಾಗುತ್ತದೆ.

ಕಡಲಾಚೆಯ ಪಾಠ

ಬೇಸ್‌ಬಾಲ್ ನಮಗೆ ಅಪರಿಚಿತ ಆಟ. ಕ್ರಿಕೆಟ್ಟಿನ ದೂರದ ನೆಂಟ, ನಮ್ಮ ಚಿನ್ನಿದಾಂಡಿಗೂ ಎಲ್ಲೋ ಬಳಗ. ಆದರೆ ಹಳೆಯ ಅಂಗಣ ಮತ್ತು ಹೊಸ ತೆರಿಗೆಯ ಜಗಳದಲ್ಲಿ ಅಮೆರಿಕನರಿಗಿರುವಷ್ಟು ಅನುಭವ ಮತ್ತಾರಿಗೂ ಇರಲಾರದು.

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಕಥೆ ಇದು. ಅಲ್ಲಿಯ ತಂಡಕ್ಕೆ ಹೊಸ ಅಂಗಣ ಕಟ್ಟುವುದಕ್ಕಾಗಿ ಸುತ್ತಲಿನ ಐದು ಕೌಂಟಿಗಳ ಜನರ ಮೇಲೆ ಮಾರಾಟ ತೆರಿಗೆ ಬಿತ್ತು: ನೂರು ಡಾಲರಿಗೆ ಹತ್ತು ಸೆಂಟು. ಮೊದಲು ವಿರೋಧಿಸಿ, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಮತ ಕೊಟ್ಟ ಜಾರ್ಜ್ ಪೆಟಾಕ್ ಎಂಬ ಶಾಸಕನನ್ನು ಅವನ ಕ್ಷೇತ್ರದ ಜನ 1996ರಲ್ಲಿ ಅಧಿಕಾರದಿಂದ ಹಿಂದಕ್ಕೆ ಕರೆಸಿಕೊಂಡರು. ತೆರಿಗೆ ಮಾತ್ರ 2020ರವರೆಗೆ ನಡೆಯಿತು. 2001ರಲ್ಲಿ ಬಾಗಿಲು ತೆರೆದ ಆ ಅಂಗಣಕ್ಕೆ ಕೇವಲ 22 ವರ್ಷಗಳಲ್ಲಿ ಮತ್ತೆ ದುರಸ್ತಿ ಬೇಕಾಯಿತು! 2023ರ ಡಿಸೆಂಬರಿನಲ್ಲಿ ಸುಮಾರು 50 ಕೋಟಿ ಡಾಲರ್ ಸಾರ್ವಜನಿಕ ಹಣ ಒದಗಿಸುವ ಶಾಸನಕ್ಕೆ ರಾಜ್ಯಪಾಲರ ಸಹಿ ಬಿತ್ತು. ತಂಡ ತನ್ನ ಕೈಯಿಂದ ಕೊಡಲೊಪ್ಪಿದ್ದು 11 ಕೋಟಿ ಡಾಲರ್. ಅದಕ್ಕೆ ಪ್ರತಿಯಾಗಿ 2050ರವರೆಗೆ ಊರು ಬಿಡುವುದಿಲ್ಲವೆಂಬ ಮಾತು.

‘ಊರು ಬಿಡುತ್ತೇವೆ’ ಎಂಬ ಬೆದರಿಕೆಯೇ ಅಲ್ಲಿನ ತಂಡಗಳ ಬ್ರಹ್ಮಾಸ್ತ್ರ. ಎಲ್ಲ ಕಡೆಯೂ ಅದು ನಾಟುವುದಿಲ್ಲ. ಕ್ಯಾನ್ಸಸ್ ನಗರದ ಬೇಸ್‌ಬಾಲ್ ಮತ್ತು ಫುಟ್‌ಬಾಲ್ ತಂಡಗಳ ಅಂಗಣಗಳಿಗಾಗಿ ಮಾರಾಟ ತೆರಿಗೆಯನ್ನು ಮುಂದುವರಿಸಬೇಕೇ ಎಂದು 2024ರ ಏಪ್ರಿಲ್ 2ರಂದು ಜ್ಯಾಕ್ಸನ್ ಕೌಂಟಿಯ ಮತದಾರರನ್ನು ಕೇಳಿದಾಗ ಶೇಕಡಾ 58ರಷ್ಟು ಮಂದಿ ಬೇಡವೆಂದರು. ಬಾಸ್ಟನ್ನಿನ ಫೆನ್ವೇ ಪಾರ್ಕ್ ಎಂಬ ಅಂಗಣ 1912ರದು. ಅದನ್ನು ಕೆಡವುವ ಮಾತು ಬಂದಿದ್ದಾಗ ಹೊಸ ಮಾಲಿಕರು ಉಳಿಸಿಕೊಳ್ಳಲು ನಿರ್ಧರಿಸಿ, 2002ರ ತರುವಾಯದ ಹತ್ತು ವರ್ಷಗಳಲ್ಲಿ ಬಹುಮಟ್ಟಿಗೆ ತಮ್ಮದೇ ಹಣದಿಂದ ಹಂತಹಂತವಾಗಿ ದುರಸ್ತಿ ಮಾಡಿಸಿದರು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1976ರ ಒಲಿಂಪಿಕ್ಸ್ ಸಲುವಾಗಿ ಕಟ್ಟಿದ ಅಂಗಣದ ಸಾಲ ತೀರಿದ್ದು 2006ರಲ್ಲಿ. ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡ 2004ರಲ್ಲೇ ಊರು ಬಿಟ್ಟಿತ್ತು. ಅದರ ಮಾಡನ್ನು ಬದಲಿಸಲು 2024ರಲ್ಲಿ ಮತ್ತೆ 87 ಕೋಟಿ ಕೆನಡಾ ಡಾಲರುಗಳ ಖರ್ಚಿಗೆ ಸರ್ಕಾರ ಮುಂದಾಯಿತು.

ಅಂಗಣ ಬಂದರೆ ಊರಿನ ವ್ಯಾಪಾರ ಬೆಳೆಯುತ್ತದೆ, ತೆರಿಗೆ ತಾನಾಗಿ ಹಿಂತಿರುಗುತ್ತದೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞರು ಒಪ್ಪುವುದಿಲ್ಲ. ರೋಜರ್ ನೋಲ್ ಮತ್ತು ಆ್ಯಂಡ್ರೂ ಜಿಂಬಲಿಸ್ಟ್ ಎಂಬ ವಿದ್ವಾಂಸರು 1997ರಲ್ಲಿ ಸಂಪಾದಿಸಿದ ಗ್ರಂಥದಿಂದ ಮೊದಲುಗೊಂಡು ಬಹುತೇಕ ಸಂಶೋಧನೆಗಳು ಒಂದೇ ಮಾತನ್ನು ಹೇಳುತ್ತವೆ. ಊರಿನವನು ಪಂದ್ಯಕ್ಕೆ ಖರ್ಚು ಮಾಡುವ ಹಣ ಆಕಾಶದಿಂದ ಬಿದ್ದುದಲ್ಲ. ಇಲ್ಲದಿದ್ದರೆ ಅದೇ ಹಣವನ್ನು ಅವನು ಅದೇ ಊರಿನ ಸಿನಿಮಾಕ್ಕೋ ಹೋಟೆಲಿಗೋ ಕೊಡುತ್ತಿದ್ದ. ಬಲಗೈಯ ನಾಣ್ಯ ಎಡಗೈಗೆ ಬಂದರೆ ಮನೆ ಶ್ರೀಮಂತವಾಗುವುದಿಲ್ಲ.

ಶಿರಸಿಯವರಿಗೆ ಇದನ್ನು ತಿಳಿಯಲು ಗ್ರಂಥ ಬೇಡ; ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆ ಸಾಕು. ಆಗ ಬಿಡಕಿಬೈಲಿಗೆ ಲಕ್ಷಾಂತರ ಜನ ಹೊರಗಿನಿಂದ ಬರುತ್ತಾರೆ. ಹೊರಗಿನ ಹಣ ಊರಿಗೆ ಬರುತ್ತದೆ. ಅಂಗಡಿಯ ಜಾಗಗಳ ಹರಾಜಿನಿಂದ ದೇವಸ್ಥಾನಕ್ಕೂ ಆದಾಯವಿದೆ. ಹಾಗೆಂದು ಒಂಬತ್ತು ದಿನದ ಆ ಉತ್ಸವಕ್ಕೆ ಯಾರೂ ಶಾಶ್ವತವಾದ ಕಾಂಕ್ರೀಟು ಮಂಟಪ ಕಟ್ಟಿ ಎರಡು ವರ್ಷ ಕಾಯುತ್ತ ಕುಳಿತಿಲ್ಲ. ಚಪ್ಪರ ಏಳುತ್ತದೆ, ಜಾತ್ರೆ ನಡೆಯುತ್ತದೆ, ಕೊನೆಗೆ ಮಾತಂಗಿಯ ಚಪ್ಪರ ಬೆಂಕಿಗೆ ಸಲ್ಲುತ್ತದೆ. ಬೈಲು ಮತ್ತೆ ಪೇಟೆಯಾಗುತ್ತದೆ. ವರ್ಷಕ್ಕೆ ನಾಲ್ಕು ದಿನದ ನೋಟಕರಿಗಾಗಿ ಊರು ಮುನ್ನೂರ ಅರವತ್ತು ದಿನ ಸಾಲ ಹೊರಬಾರದೆಂಬ ವಿವೇಕ ಅದರಲ್ಲಿದೆ.

ರಾಜಧಾನಿಯ ಲೆಕ್ಕ

ಅಮೆರಿಕದ ಮಾತು ದೂರವೆನ್ನಿಸಿದರೆ ಬೆಂಗಳೂರಿನ ಕಡೆ ನೋಡೋಣ. ಚಿನ್ನಸ್ವಾಮಿ ಕ್ರೀಡಾಂಗಣದ ನೆಲ ಸರ್ಕಾರದ್ದು, ಗೇಣಿಯ ಮೇಲೆ ಕೊಟ್ಟದ್ದು. ಕಟ್ಟಿ ನಡೆಸುತ್ತ ಬಂದದ್ದು ರಾಜ್ಯ ಕ್ರಿಕೆಟ್ ಸಂಸ್ಥೆ. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ಮೊದಲ ಟೆಸ್ಟ್ ನಡೆಯಿತು. 2025ರ ಜೂನ್ 4ರಂದು ಅದೇ ಅಂಗಣದ ಬಾಗಿಲುಗಳ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಆ ಅಂಗಣ ಭಾರಿ ಜನಸಂದಣಿಯ ಸಮಾರಂಭಗಳಿಗೆ ತಕ್ಕುದಲ್ಲವೆಂದು ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ ವರದಿ ಕೊಟ್ಟಿತು. ಆ ವರ್ಷ ಅಲ್ಲಿ ನಡೆಯಬೇಕಾಗಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬಯಿಗೆ ಹೋದವು.

ಅದೇ ಆಗಸ್ಟಿನಲ್ಲಿ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಜನ ಕೂರುವ ಹೊಸ ಕ್ರೀಡಾಂಗಣದ ಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಅದನ್ನು ಗೃಹಮಂಡಳಿ ಭರಿಸುವುದೆಂದು ಹೇಳಲಾಯಿತು. ಗೃಹಮಂಡಳಿಯೂ ಜನರದೇ ಸಂಸ್ಥೆಯೆಂಬುದನ್ನು ಮರೆಯಲಾಗದು. ರಾಜ್ಯದಲ್ಲಿ 230ಕ್ಕೂ ಹೆಚ್ಚು ತಾಲ್ಲೂಕುಗಳಿವೆ. ಆ ಮೊತ್ತವನ್ನು ಸಮನಾಗಿ ಹಂಚಿದರೆ ಪ್ರತಿ ತಾಲ್ಲೂಕಿಗೆ ಸುಮಾರು 7 ಕೋಟಿ ರೂಪಾಯಿ. ಒಂದು ಕಡೆ ಒಂದು ಮಹಾ ಅಂಗಣ. ಇನ್ನೊಂದು ಕಡೆ ಪ್ರತಿ ತಾಲ್ಲೂಕಿನಲ್ಲಿ ನೀರು ನಿಲ್ಲದ ಬಯಲು, ಭದ್ರವಾದ ಮೆಟ್ಟಿಲು, ಹೆಣ್ಣುಮಕ್ಕಳಿಗೆ ಶೌಚಾಲಯ, ಒಬ್ಬ ತರಬೇತುದಾರನ ಸಂಬಳ. ಒಂದೇ ಹಣಕ್ಕೆ ಎರಡು ಬಗೆಯ ಬಾಳು.

ಐಪಿಎಲ್‌ನಂಥ ಪಂದ್ಯಗಳು ವ್ಯಾಪಾರ. ಅವುಗಳ ಟಿಕೇಟಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ರ ತೆರಿಗೆಯನ್ನು ವಿಧಿಸಿದ್ದೇ ಅದಕ್ಕೆ ಸಾಕ್ಷಿ. ವ್ಯಾಪಾರಕ್ಕೆ ಬೇಕಾದ ಅಂಗಡಿಯನ್ನು ವ್ಯಾಪಾರಿ ಕಟ್ಟಿಕೊಳ್ಳಲಿ. ಸುರಕ್ಷತೆಯ ನಿಯಮವನ್ನು ಹೇಳಿ, ಅದನ್ನು ಪಾಲಿಸುವಂತೆ ಮಾಡುವುದು ಸರ್ಕಾರದ ಧರ್ಮ. ಬಾಗಿಲು ಅಗಲಿಸುವ ಬಿಲ್ಲನ್ನು ತಾನೇ ತೆರುವುದಲ್ಲ. ಆದರೆ ಸಿದ್ದಾಪುರದ ಮೈದಾನದಲ್ಲಿ ಶಾಲಾಮಕ್ಕಳ ಕಬಡ್ಡಿಗೆ ಟಿಕೇಟಿಲ್ಲ, ಜಾಹೀರಾತಿಲ್ಲ, ಮಾಲಿಕನಿಲ್ಲ. ಅದನ್ನು ವ್ಯಾಪಾರದ ತಕ್ಕಡಿಯಲ್ಲಿ ತೂಗುವುದೂ ತಪ್ಪೇ.

ಕಲ್ಲಿಗೋ, ಕಾಲಿಗೋ?

ಸಾರ್ವಜನಿಕ ಹಣ ಆಟಕ್ಕೆ ಸಲ್ಲಬೇಕೆಂದು ಒಪ್ಪಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಅದು ಕಲ್ಲಿಗೆ ಸಲ್ಲಬೇಕೋ, ಓಡುವ ಕಾಲಿಗೆ ಸಲ್ಲಬೇಕೋ? ಈ ಪ್ರಶ್ನೆಗೆ ಯಲ್ಲಾಪುರದ ಕಾಡಿನಲ್ಲಿ ಒಂದು ಮನಮುಟ್ಟುವ ಉತ್ತರವಿದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ, ಶಿರಸಿಗಳ ಕಾಡಂಚಿನಲ್ಲಿ ಸಿದ್ದಿ ಜನರು ಬಾಳುತ್ತಿದ್ದಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕದಿಂದ, ಬಹುಮಟ್ಟಿಗೆ ದಾಸರಾಗಿ, ಬಂದವರು. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಈ ಜನರ ಮಕ್ಕಳನ್ನು ಆರಿಸತೊಡಗಿತು. ಆಗ ಕ್ರೀಡಾ ಖಾತೆಯ ಸಚಿವೆಯಾಗಿದ್ದವರು ಮಾರ್ಗರೆಟ್ ಆಳ್ವ. ಕಾಡಿನ ಮಕ್ಕಳಿಗೆ ವಸತಿ, ಊಟ, ಓದು, ಬೂಟು, ತರಬೇತಿ ಎಲ್ಲವೂ ಸರ್ಕಾರದ ಖರ್ಚಿನಲ್ಲಿ. ಕೆಲವೇ ವರ್ಷಗಳಲ್ಲಿ ಫಲ ಕಾಣಿಸಿತು. ಆ ಮಕ್ಕಳು ರಾಷ್ಟ್ರಮಟ್ಟದ ಕೂಟಗಳಲ್ಲಿ ಪದಕ ಗೆದ್ದರು. ಕಮಲಾ ಸಿದ್ದಿಯಂಥ ಓಟಗಾರ್ತಿಯರ ಹೆಸರು ಪತ್ರಿಕೆಗಳಲ್ಲಿ ಬಂತು.

1993ರಲ್ಲಿ ಆ ಯೋಜನೆ ನಿಂತಿತು. ಕೆಲವರಿಗೆ ಆಟದ ಬಲದಿಂದ ಸರ್ಕಾರಿ ನೌಕರಿ ದೊರೆತಿತ್ತು. ಅವರು ದಡ ಸೇರಿದರು. ಉಳಿದ ಮಕ್ಕಳು ಬೂಟು ಬಿಚ್ಚಿಟ್ಟು ಊರಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಷ್ಟರಲ್ಲಿ ಓಡಬಹುದಾಗಿದ್ದ ಒಂದು ತಲೆಮಾರು ಓಟದ ವಯಸ್ಸನ್ನೇ ದಾಟಿತ್ತು. ಈಚಿನ ವರ್ಷಗಳಲ್ಲಿ ಮುಂಡಗೋಡದ ಕಡೆ ಸ್ವಯಂಸೇವಾ ಪ್ರಯತ್ನಗಳು ಮತ್ತೆ ಮಕ್ಕಳನ್ನು ಪಥಕ್ಕೆ ತಂದಿವೆಯೆಂಬುದು ಸಮಾಧಾನದ ಸಂಗತಿ.

ಈ ಕಥೆಯಿಂದ ಎರಡು ಪಾಠ. ಮೊದಲನೆಯದು, ತೆರಿಗೆಯ ಹಣ ಸರಿಯಾದ ಕಡೆ ಬಿದ್ದರೆ ಅದು ವ್ಯರ್ಥವಾಗುವುದಿಲ್ಲ. ಯಾವ ಪಂದ್ಯದ ಟಿಕೇಟೂ ಕೊಡಲಾಗದ ಫಲವನ್ನು ಕೊಡುತ್ತದೆ. ಎರಡನೆಯದು, ನಡುವೆ ನಿಲ್ಲಿಸಿದ ನೆರವು ಬಿರುಕು ಬಿಟ್ಟ ಮೆಟ್ಟಿಲಿಗಿಂತ ಕೆಟ್ಟದ್ದು. ಮೆಟ್ಟಿಲನ್ನು ಹತ್ತು ವರ್ಷ ತಡವಾಗಿ ಕಟ್ಟಬಹುದು. ಹದಿನೈದು ವರ್ಷದ ಹುಡುಗಿಯ ಹತ್ತು ವರ್ಷವನ್ನು ಯಾರೂ ಮರಳಿ ಕೊಡಲಾರರು.

ಕರ ಕೊಡೆವೆಂದು ನಿಂತ ನಾಡು

ಈ ಸೀಮೆಯ ತೆರಿಗೆದಾರನೊಡನೆ ಮಾತಾಡುವಾಗ ಒಂದು ಚರಿತ್ರೆಯನ್ನು ನೆನೆಯಬೇಕು. 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ, ಅಂಕೋಲ ತಾಲ್ಲೂಕುಗಳ ರೈತರು ಪರಕೀಯ ಸರ್ಕಾರಕ್ಕೆ ಭೂಕಂದಾಯ ಕೊಡೆವೆಂದು ನಿಂತರು. ಜಮೀನು ಜಪ್ತಾಯಿತು, ದನಕರು ಹರಾಜಾದವು, ಪಾತ್ರೆಪರಡಿಯೂ ಉಳಿಯಲಿಲ್ಲ. ನೂರಾರು ಕುಟುಂಬಗಳು ಬೀದಿಗೆ ಬಂದವು. ಜಪ್ತಾದ ಸೊತ್ತನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತು ನಡೆಸಿದ ಮಾವಿನಗುಂಡಿಯ ಸತ್ಯಾಗ್ರಹ ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಉಜ್ವಲ ಪುಟಗಳಲ್ಲೊಂದು. ಅವರು ಕರ ನಿರಾಕರಿಸಿದ್ದು ಜಿಪುಣತನದಿಂದಲ್ಲ. ಹಣದ ಮೇಲೆ ಜನರಿಗೆ ಅಧಿಕಾರವಿಲ್ಲದೆಡೆ ಹಣ ಕೊಡುವ ಕರ್ತವ್ಯವೂ ಇಲ್ಲವೆಂಬುದು ಅವರ ನಿಲುವು. ಅವರ ಮೊಮ್ಮಕ್ಕಳು ಇಂದು ತಮ್ಮದೇ ಸರ್ಕಾರಕ್ಕೆ ತೆರಿಗೆ ಕೊಡುತ್ತಾರೆ. ಅದು ಎಲ್ಲಿ ಹೋಯಿತೆಂದು ಕೇಳುವ ಹಕ್ಕೂ ಅವರಿಗೆ ಪಿತ್ರಾರ್ಜಿತವಾಗಿ ಬಂದಿದೆ.

ಅವರು ಕೇಳುವ ಮೊದಲ ಪ್ರಶ್ನೆ ಹಗುರವಾದುದಲ್ಲ. ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ಬಹುಕಾಲದಿಂದ ಕೂಗುತ್ತಿದ್ದಾರೆ. 2022ರಲ್ಲಿ ಆ ಕೂಗು ಚಳವಳಿಯ ರೂಪವನ್ನೇ ತಾಳಿತು. ಅಪಘಾತದಲ್ಲಿ ಗಾಯಗೊಂಡವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುವ ದಾರಿಯಲ್ಲೇ ಕಳೆದುಕೊಂಡ ಮನೆಗಳು ಇಲ್ಲಿವೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ತಗಲಿದೆ. ಮಳೆಗೆ ರಸ್ತೆಗಳು ಕುಸಿಯುತ್ತವೆ. ‘ಆಸ್ಪತ್ರೆಗಿಲ್ಲದ ಹಣ ಅಂಗಣಕ್ಕೆಲ್ಲಿಂದ?’ ಎಂದು ತಾಯಿಯೊಬ್ಬಳು ಕೇಳಿದರೆ ಯಾವ ಕ್ರೀಡಾಪ್ರೇಮಿಯೂ ತಲೆ ತಗ್ಗಿಸಬೇಕು. ಎರಡರಲ್ಲಿ ಒಂದೇ ಸಾಧ್ಯವಾದರೆ ಆಸ್ಪತ್ರೆಯೇ ಮೊದಲು. ಇದರಲ್ಲಿ ಚರ್ಚೆಯಿಲ್ಲ.

ಆದರೆ ಇವೆರಡರ ಮೊತ್ತಗಳು ಒಂದೇ ಅಳತೆಯವಲ್ಲ. ದೊಡ್ಡ ಆಸ್ಪತ್ರೆಗೆ ನೂರಾರು ಕೋಟಿ ರೂಪಾಯಿ ಬೇಕು; ಚರಂಡಿ ತೋಡಿ, ಬಿರುಕು ಮುಚ್ಚಿ, ಬಯಲನ್ನು ಮಟ್ಟ ಮಾಡುವುದಕ್ಕೆ ಅದರ ಸಣ್ಣ ಅಂಶ ಸಾಕು. ಮಾಡದೆ ಬಿಟ್ಟ ಆ ಸಣ್ಣ ಕೆಲಸವೇ ಮುಂದೆ ಕೋಟಿಗಳ ಕಾಮಗಾರಿಯಾಗಿ ಆಸ್ಪತ್ರೆಯ ಹಣಕ್ಕೆ ಕೈಹಾಕುತ್ತದೆ.

‘ಆಡದವನು ಏಕೆ ಕೊಡಬೇಕು?’ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಆಸ್ತಿ ತೆರಿಗೆಯ ರಸೀದಿಯಲ್ಲೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಅದರ ಜೊತೆಗೆ ಗ್ರಂಥಾಲಯದ ಕರವೂ ವಸೂಲಾಗುತ್ತದೆ. ಓದದವನೂ ಅದನ್ನು ಕೊಡುತ್ತಾನೆ, ಏಕೆಂದರೆ ಓದುವ ಮಕ್ಕಳಿರುವ ಊರು ಅವನಿಗೂ ಬೇಕು. ಆಡುವ ಮಕ್ಕಳಿರುವ ಊರೂ ಹಾಗೆಯೇ.

ಹಾಗಾದರೆ ಉತ್ತರವೇನು?

ಕ್ರೀಡೆ ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯ. ಆಟದ ಬಯಲಿನ ವ್ಯವಸ್ಥೆ ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸವೆಂದು ಹನ್ನೆರಡನೆಯ ಅನುಸೂಚಿ ಹೇಳುತ್ತದೆ. ಶಿರಸಿಗೆ ನಗರಸಭೆಯಿದೆ, ಸಿದ್ದಾಪುರ, ಯಲ್ಲಾಪುರಗಳಿಗೆ ಪಟ್ಟಣ ಪಂಚಾಯತಗಳಿವೆ. ಶಾಸಕರ ಕೈಯಲ್ಲಿ ಕ್ಷೇತ್ರದ ಅಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಹೊಣೆ ಹೊರಬಲ್ಲ ಹೆಗಲುಗಳು ಹಲವಿವೆ. ಹಲವು ಹೆಗಲುಗಳಿರುವುದರಿಂದಲೇ ಭಾರ ನೆಲದ ಮೇಲೆ ಉಳಿಯುವುದೂ ಉಂಟು.

ತೆರಿಗೆಯ ಹಣ ಸಲ್ಲಲಿ. ಆದರೆ ಅದಕ್ಕೆ ನಾಲ್ಕು ಕಟ್ಟುಪಾಡುಗಳಿರಲಿ. ಮೊದಲನೆಯದಾಗಿ, ನೋಟಕರ ಆಸನಕ್ಕಿಂತ ಮೊದಲು ಆಟಗಾರರ ನೆಲ: ಬಸಿಗಾಲುವೆ, ಓಟದ ಪಥ, ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯ. ಎರಡನೆಯದಾಗಿ, ಸಾರ್ವಜನಿಕ ಹಣ ಬಿದ್ದ ಬಯಲಿನ ಬಾಗಿಲು ಬೆಳಗ್ಗೆ ಸಂಜೆ ಎಲ್ಲ ಮಕ್ಕಳಿಗೂ ತೆರೆದಿರಬೇಕು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯಗಳಿಗೂ ಓಟಗಾರರ ಅಭ್ಯಾಸಕ್ಕೂ ನಡುವೆ ಎದ್ದ ವಿವಾದ ನ್ಯಾಯಾಲಯದವರೆಗೆ ಹೋದದ್ದನ್ನು ಓದುಗರು ಬಲ್ಲರು. ಜನರ ಹಣದಿಂದ ನಿಂತ ಪಥವನ್ನು ಬಾಡಿಗೆಗೆ ಒಪ್ಪಿಸಿ ಮಕ್ಕಳನ್ನು ಹೊರಗಿಡುವ ಪ್ರಸಂಗ ಇಲ್ಲಿ ಬರಬಾರದು. ಮೂರನೆಯದಾಗಿ, ಕಟ್ಟುವ ಪ್ರತಿ ರೂಪಾಯಿಯ ಜೊತೆಗೆ ಕಾಪಾಡುವ ಕೆಲವು ಪೈಸೆಗಳನ್ನು ವರ್ಷವರ್ಷವೂ ಬೇರೆ ಎತ್ತಿಡಬೇಕು. ನಾಲ್ಕನೆಯದಾಗಿ, ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಲೆಕ್ಕ ಅಂಗಣದ ಗೋಡೆಯ ಮೇಲೆಯೇ ಇರಬೇಕು. ಉದ್ಘಾಟಿಸಿದವರ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ.

ಉಳಿದುದನ್ನು ಊರು ಕೊಡಲಿ. ಈ ಸೀಮೆಗೆ ಸಹಕಾರ ಹೊಸತಲ್ಲ. ಅಡಿಕೆ ಬೆಳೆಗಾರರು ದಲ್ಲಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳಲು 1923ರಲ್ಲೇ ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡರು. ಬೆಟ್ಟದ ಸೊಪ್ಪಿನ ಪದ್ಧತಿಯನ್ನೂ ಇಲ್ಲಿ ನೆನೆಯಬಹುದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇಲ್ಲಿಯ ಬೆಳೆಗಾರನಿಗೆ ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟ ಸರ್ಕಾರದ್ದು, ಸೊಪ್ಪು ಬಳಸುವವನದು, ಮರ ಕಾಯುವ ಹೊಣೆಯೂ ಬಳಸುವವನದೇ. ಬೋಳಾಗಿಸಿದವನ ತೋಟವೇ ಗೊಬ್ಬರವಿಲ್ಲದೆ ಸೊರಗುತ್ತದೆ. ಅಂಗಣಕ್ಕೂ ಇದಕ್ಕಿಂತ ಒಳ್ಳೆಯ ಶಾಸನವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ನೆಲವನ್ನೂ ಮೊದಲ ಹಣವನ್ನೂ ಸರ್ಕಾರ ಕೊಡಲಿ. ಆಡುವ ಸಂಘಗಳು, ಶಾಲೆಗಳು, ಪಂದ್ಯ ನಡೆಸುವವರು ಮಳೆಗಾಲಕ್ಕೆ ಮೊದಲು ಬಂದು ಕಾಲುವೆಯ ಹೂಳೆತ್ತಲಿ. ತೆರಿಗೆದಾರನ ಹಣಕ್ಕೆ ಅದಕ್ಕಿಂತ ಒಳ್ಳೆಯ ಜಾಮೀನು ಬೇರೊಂದಿಲ್ಲ.